ಹನ್ನೊಂದನೆಯ ಪ್ರಶ್ನೆ

ಕಂಡದ್ದನ್ನು ಬರೆ, ಅನಿಸಿದ್ದನ್ನಲ್ಲ —
ಮೊದಲ ದಿನವೇ ಹೇಳಿದ್ದರು ಲಿಮಯೆ ಮೇಡಂ.
'ಮಗು ಅಳುತ್ತಿದೆ' ಸರಿ.
'ಮಗುವಿಗೆ ದುಃಖ' ತಪ್ಪು; ದುಃಖ ನಿನ್ನದಿರಬಹುದು.
ಅದಕ್ಕೇ ಪುಟದ ನಡುವೆ ಗೆರೆ ಎಳೆದುಕೊಂಡಿದ್ದೇನೆ,
ಎಡಕ್ಕೆ ಕಣ್ಣು, ಬಲಕ್ಕೆ ನಾನು.

ಪ್ರತಿ ಬುಧವಾರ ಪುಣೆಯ ಈ ತುದಿಯಿಂದ
ಎರಡು ಬಸ್ಸು ಬದಲಿಸಿ ವಾಕಡ್.
ಹದಿನೇಳು ಮಹಡಿ ಎದ್ದಿರುವ, ಇನ್ನೂ ಏಳು ಏಳಬೇಕಿರುವ ಕಟ್ಟಡ,
ಅದರ ಬುಡದಲ್ಲಿ ತಗಡಿನ ಬಾಲವಾಡಿ.
ಗೋಡೆಯ ಮೇಲೆ ಆನೆ, ಸೇಬು, ಮರಾಠಿ ಅಕ್ಷರಮಾಲೆ,
ಕೆಳಗೆ ಸಿಮೆಂಟು ಚೀಲ ಹೊಲಿದ ಚಾಪೆ.
ನನ್ನ ಪಾಲಿಗೆ ಬಂದವಳು ದ್ಯಾವಮ್ಮ,
ಸುರಪುರದ ಕಡೆಯವಳು.
ವಯಸ್ಸು ಎರಡೂವರೆ ಇರಬೇಕು.
'ಇರಬೇಕು' ಎಂದು ಬರೆಯಲು ಫಾರಮ್ಮಿನಲ್ಲಿ ಜಾಗವಿಲ್ಲ.

ಮನೆಯಲ್ಲಿ ಎಷ್ಟು ಜನ?
ಅವಳವ್ವ ತಲೆಯ ಮೇಲಿನ ಸಿಂಬಿ ಸರಿಮಾಡಿಕೊಳ್ಳುತ್ತ
ನನ್ನನ್ನೇ ಕೇಳಿದಳು:
"ಊರಾಗಿನ ಮಂದೀನ ಹೇಳ್ಲ್ಯೋ, ಇಲ್ಲೀ ಮಂದೀನೋ?"
ಪೆನ್ನು ಎತ್ತಿದ್ದು ಎತ್ತಿದಂತೆಯೇ ಇತ್ತು.

ಬಣ್ಣದ ಪ್ರಶ್ನೆ ಮರಾಠಿಯಲ್ಲಿತ್ತು. ಮಗು ಸುಮ್ಮನೆ ಕೂತಿತು.
ನೋಡುವವರು ಮಾತಾಡಬಾರದು, ಗೊತ್ತು.
ಆದರೂ ಬಗ್ಗಿ, ಕೆಂಪ ಯಾವ್ದವ್ವಾ, ಅಂದೆ.
ನನ್ನ ಉಗುರು ಹಿಡಿದು, ಬಣ್ಣ ಕಿತ್ತು ನೋಡಿದಳು.

ಹನ್ನೊಂದು:
ಆರು ಬ್ಲಾಕುಗಳ ಗೋಪುರ ಕಟ್ಟಬಲ್ಲದೇ ಮಗು?
ಕಟ್ಟಲಿಲ್ಲ.
ಮರದ ತುಂಡುಗಳನ್ನು ನೆಲಕ್ಕೆ ಸುರಿದು
ಮೂರನ್ನು ಸಾಲಾಗಿಟ್ಟಳು.
ಎರಡನ್ನು ಅವುಗಳ ಮೇಲೆ, ಸಂದು ಮುಚ್ಚುವಂತೆ.
ಕೆನ್ನೆ ನೆಲಕ್ಕೆ ಹಚ್ಚಿ,
ಒಂದು ಕಣ್ಣು ಮುಚ್ಚಲು ಹೋಗಿ ಎರಡೂ ಮುಚ್ಚಿ,
ಸಾಲು ನೆಟ್ಟಗಿದೆಯೇ ನೋಡಿದಳು.
ಬೆರಳಿನಿಂದ ತಟ್ಟಿದಳು. ಆಮೇಲೆ
ಕುಡಿಯುವ ಲೋಟ ತಂದು
ಇಡೀ ಗೋಡೆಗೆ ನೀರು ಹೊಯ್ದಳು.
"ಸಂಜೀಗಿ ಮತ್ತ," ಅಂದಳು ನನಗೆ,
ಕೆಲಸಕ್ಕೆ ಹೊಸದಾಗಿ ಬಂದವಳಿಗೆ ಹೇಳುವ ದನಿಯಲ್ಲಿ.

ಎಡಗಡೆ ಬರೆದೆ: ನೀರು ಹೊಯ್ದಳು.
ಅಂಕ: ಸೊನ್ನೆ.
ಬಲಗಡೆಯದು ಪುಟ ದಾಟಿ ಮಗ್ಗುಲಿಗೂ ಹರಿಯಿತು.
ಅದಕ್ಕೆ ಕೆಂಪಿನಲ್ಲಿ ಸುತ್ತು ಹಾಕಿ ಮೇಡಂ ಕೇಳಿದ್ದರು:
ಇದು ಕಂಡದ್ದೋ, ಅಭಿಮಾನವೋ?
ಎರಡೂ, ಅನ್ನುವ ಧೈರ್ಯ ಬರಲಿಲ್ಲ.

ಆ ರಾತ್ರಿ ಹಾಸ್ಟೆಲ್ಲಿನ ಮೆಟ್ಟಿಲ ಮೇಲಿಂದ ಸೋಲಾಪುರಕ್ಕೆ ಫೋನು.
ಅವ್ವಾ, ನಾ ಎಷ್ಟನೇ ತಿಂಗಳಿಗೆ ನಡದೆ?
ಶಾಲೆಯ ದಾಖಲೆಯಲ್ಲಿ ನಾನು ಜೂನ್ ಒಂದಕ್ಕೆ ಹುಟ್ಟಿದವಳು,
ನಮ್ಮ ಓಣಿಯ ಅರ್ಧ ಮಕ್ಕಳ ಹಾಗೆ.
ಆಚೆ ಕತ್ತರಿಯ ಸದ್ದು ನಿಂತಿತು.
"ತಿಂಗಳಾ ಯಾರಿಗಿ ನೆನಪೈತಿ.
ಬೀಡಿ ಎಲಿ ತೊಯ್ಸಿ ಇಟ್ಟಿದ್ದೆ.
ಅದರ ಮ್ಯಾಲ ಹಾದು ಬಂದಿ, ನಾಕ್ನೂರು ಎಲಿ ಹಾಳು.
ಬಡದೆ.
ಬಡದ ಮ್ಯಾಲ ಹೊಳೀತು, ನಡದೀ ಅಂತ."
ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಮತ್ತೆ ಕತ್ತರಿ.

ಒಂಬತ್ತನೆಯ ಬುಧವಾರ ದ್ಯಾವಮ್ಮ ಇಲ್ಲ.
ಮೇಸ್ತ್ರಿ ಇಡೀ ಗುಂಪನ್ನೇ ಬೇರೆ ಸೈಟಿಗೆ ಒಯ್ದನಂತೆ,
ತಳೇಗಾವೋ, ಚಾಕಣವೋ — ಆಯಾ ಗಾಳಿಯಲ್ಲಿ ಕೈಯಾಡಿಸಿದಳು.
ಹನ್ನೆರಡು ವಾರದ ಅಧ್ಯಯನ ಎಂಟಕ್ಕೇ ನಿಂತಿತು.
'ಅಪೂರ್ಣ' ಎಂದು ಗುರುತು ಹಾಕಲು ಒಂದು ಚೌಕವಿದೆ.
ಅದಕ್ಕೆ ಮಾತ್ರ ಜಾಗ ಉಂಟು.

ಬ್ಲಾಕುಗಳು ನೀರು ಕುಡಿದು ಉಬ್ಬಿವೆ,
ಡಬ್ಬಿಯ ಮುಚ್ಚಳ ಕೂರುತ್ತಿಲ್ಲ.
ಯಾರ ಮಗಳೋ ಏನೋ ಎಂದು ಬೈಯುತ್ತ ಆಯಾ
ಅವನ್ನೆಲ್ಲ ಹೊರಗೆ ಬಿಸಿಲಿಗೆ ಹರವಿದಳು.
ಇಷ್ಟನ್ನು
ಎಡಗಡೆ ಬರೆದೆ.